ಸೊನೋಮದ ಸೇನಾಪತಿ

ಕ್ಯಾಲಿಫೋರ್ನಿಯದ ಭೂಪಟವನ್ನು ಬಿಡಿಸಿ ನೋಡಿದರೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಈಶಾನ್ಯಕ್ಕೆ ಸೊಲಾನೊ ಎಂಬ ಜಿಲ್ಲೆಯೊಂದು ಕಣ್ಣಿಗೆ ಬೀಳುತ್ತದೆ. ಅದರ ದಕ್ಷಿಣದಂಚಿನಲ್ಲಿ, ನೀರಿಗೆ ಮುಖಮಾಡಿ, ಒಂದಕ್ಕೊಂದು ನೆರೆಯಾಗಿ ಎರಡು ಊರುಗಳಿವೆ: ವಯೇಹೊ ಮತ್ತು ಬೆನೀಸಿಯ. ಆ ಎರಡು ಊರುಗಳು ಒಬ್ಬ ಗಂಡ, ಒಬ್ಬ ಹೆಂಡತಿಯ ಹೆಸರನ್ನು ಹೊತ್ತಿವೆ. ಜಿಲ್ಲೆಯ ಹೆಸರು ಆ ದಂಪತಿಗಳಿಗೆ ಮಿತ್ರನಾಗಿದ್ದ ಆದಿನಿವಾಸಿ ನಾಯಕನೊಬ್ಬನದು. ಭೂಪಟದಲ್ಲಿ ಮೂವರ ಹೆಸರುಗಳೂ ಇಂದಿಗೂ ಅಚ್ಚಳಿಯದೆ ನಿಂತಿವೆ. ಆದರೆ ಅವರು ಬದುಕಿದ್ದಾಗಲೇ ಆ ನೆಲದ ಒಡೆತನ ಮೂವರ ಕೈಯಿಂದಲೂ ಜಾರಿಹೋಗಿತ್ತು. ಮೊದಲು ನಾಯಕನ ಕೈಯಿಂದ, ಆಮೇಲೆ ಗಂಡಹೆಂಡಿರ ಕೈಯಿಂದ. ಈ ಎರಡನೆಯದು ಹೇಗಾಯಿತೆಂಬುದನ್ನು ಚರಿತ್ರಕಾರರು ವಿಸ್ತಾರವಾಗಿ ಬರೆದಿದ್ದಾರೆ. ಮೊದಲನೆಯದರ ವಿಷಯದಲ್ಲಿ ಅವರ ಲೇಖನಿ ಬಹುಕಾಲ ಅಷ್ಟು ಧಾರಾಳವಾಗಿರಲಿಲ್ಲ.

ಆ ಗಂಡನ ಹೆಸರು ಮರಿಯಾನೊ ಗ್ವಾಡಲೂಪೆ ವಯೇಹೊ. ಸಿಪಾಯಿಯಾಗಿ ಬಾಳನ್ನು ಆರಂಭಿಸಿ, ಗಡಿಯಲ್ಲಿ ಊರು ಕಟ್ಟಿ, ಲಕ್ಷಕ್ಕೂ ಮೀರಿದ ಎಕರೆಗಳ ಒಡೆಯನಾಗಿ, ಕೊನೆಗೆ ಒಂದು ಚಿಲುಮೆಯ ಪಕ್ಕದ ಮನೆಯಲ್ಲಿ ಸಾಲಗಾರನಂತೆ ಮುಪ್ಪನ್ನು ಕಳೆದವನು. ಸ್ಪೇನಿನ ಪ್ರಜೆಯಾಗಿ ಹುಟ್ಟಿ, ಮೆಕ್ಸಿಕೊದ ಅಧಿಕಾರಿಯಾಗಿ ಬೆಳೆದು, ಅಮೆರಿಕದ ಪೌರನಾಗಿ ಸತ್ತ ಈತ ಇದಕ್ಕಾಗಿ ತನ್ನ ನಾಡನ್ನು ಬಿಟ್ಟು ಎಲ್ಲಿಗೂ ಹೋಗಬೇಕಾಗಲಿಲ್ಲ. ರಾಜ್ಯಗಳೇ ಒಂದರ ಹಿಂದೊಂದು ಅವನ ಮನೆಬಾಗಿಲಿಗೆ ಬಂದವು.

1807ರ ಜುಲೈ 4ರಂದು, ಕ್ಯಾಲಿಫೋರ್ನಿಯದ ಅಂದಿನ ರಾಜಧಾನಿ ಮಾಂಟೆರೆಯಲ್ಲಿ ಅವನ ಜನನ. ಜುಲೈ 4 ಅಮೆರಿಕದ ಸ್ವಾತಂತ್ರ್ಯದ ದಿನವೆಂಬುದು ಆಗ ಆ ಊರಿನಲ್ಲಿ ಯಾರ ಮನಸ್ಸಿಗೂ ಹೊಳೆದಿರಲಾರದು. ತಂದೆ ಇಗ್ನೇಶಿಯೊ ವಯೇಹೊ ಮೆಕ್ಸಿಕೊದ ಹಲಿಸ್ಕೊ ಪ್ರಾಂತದಿಂದ ಸ್ಪೇನಿನ ಸೈನಿಕನಾಗಿ ಬಂದು ಸಾರ್ಜೆಂಟ್ ಪದವಿಗೇರಿದವನು. ತಾಯಿ ಮರಿಯಾ ಅಂತೋನಿಯಾ ಲುಗೊ. ಹದಿಮೂರು ಮಕ್ಕಳ ಆ ತುಂಬುಸಂಸಾರದಲ್ಲಿ ಮರಿಯಾನೊ ಎಂಟನೆಯವನು. ಆ ಕಾಲದ ಕ್ಯಾಲಿಫೋರ್ನಿಯವೆಂದರೆ ಕಡಲತೀರದ ಉದ್ದಕ್ಕೂ ಹರಡಿಕೊಂಡ ನಾಲ್ಕು ಕೋಟೆಗಳು, ಪಾದ್ರಿಗಳ ಇಪ್ಪತ್ತರಷ್ಟು ಮಿಷನ್ನುಗಳು, ಕೆಲವು ಸಣ್ಣ ಊರುಗಳು, ಅಷ್ಟೆ. ಮಿಷನ್ನುಗಳ ಹೊಲಗಳಲ್ಲಿ ಆದಿನಿವಾಸಿಗಳು ದುಡಿಯುತ್ತಿದ್ದರು. ಓಡಿಹೋದವರನ್ನು ಸೈನಿಕರು ಹಿಡಿದು ತರುತ್ತಿದ್ದರು. ಸಾರ್ಜೆಂಟನ ಮಗ ಕಣ್ಣು ಬಿಟ್ಟದ್ದು ಈ ಲೋಕದಲ್ಲಿ.

ವಿದ್ಯೆಯ ವಿಷಯದಲ್ಲಿ ಮಾತ್ರ ಹುಡುಗ ಅದೃಷ್ಟಶಾಲಿ. ಶಾಲೆಗಳು ಇದ್ದೂ ಇಲ್ಲದಂತಿದ್ದ ನಾಡಿನಲ್ಲಿ ಕಡೆಯ ಸ್ಪ್ಯಾನಿಷ್ ಗವರ್ನರ್ ಪಾಬ್ಲೊ ವಿಸೆಂತೆ ದೆ ಸೊಲಾ ಮೂವರು ಹುಡುಗರ ಓದಿನಲ್ಲಿ ಆಸಕ್ತಿ ವಹಿಸಿದನು. ಅವರಲ್ಲಿ ಒಬ್ಬ ಮರಿಯಾನೊ. ಇನ್ನೊಬ್ಬ ಅವನ ಅಕ್ಕನ ಮಗ ಹ್ವಾನ್ ಅಲ್ವರಾಡೊ. ಮೂರನೆಯವನು ಹೊಸೆ ಕಾಸ್ಟ್ರೊ. ಸೋದರಮಾವನಿಗೂ ಅಳಿಯನಿಗೂ ವಯಸ್ಸಿನಲ್ಲಿ ಎರಡು ವರ್ಷದಷ್ಟೇ ಅಂತರ. ಮುಂದೆ ಹಾರ್ಟ್ನೆಲ್ ಎಂಬ ಇಂಗ್ಲಿಷ್ ವರ್ತಕನ ಬಳಿ ಮರಿಯಾನೊ ಇಂಗ್ಲಿಷ್, ಫ್ರೆಂಚ್, ಲ್ಯಾಟಿನ್ ಭಾಷೆಗಳನ್ನು ಅಭ್ಯಾಸ ಮಾಡಿದನು. 1831ರಲ್ಲಿ ಬಂದ ಹಡಗೊಂದರಿಂದ ಅವನು ತೊಗಲು, ಪಶುಕೊಬ್ಬುಗಳನ್ನು ಕೊಟ್ಟು ಪುಸ್ತಕಗಳನ್ನು ಕೊಂಡುಕೊಂಡ ಕಥೆ ಪ್ರಸಿದ್ಧವಾದದ್ದು. ಅವುಗಳಲ್ಲಿ ಚರ್ಚು ನಿಷೇಧಿಸಿದ ಗ್ರಂಥಗಳಿದ್ದವು. ಸುದ್ದಿ ಪಾದ್ರಿಗಳ ಕಿವಿಗೆ ಬಿದ್ದು ಮೂವರು ಗೆಳೆಯರಿಗೂ ಬಹಿಷ್ಕಾರ ಪ್ರಾಪ್ತವಾಯಿತು. ಪುಸ್ತಕಗಳನ್ನು ಮಾತ್ರ ಅವರು ಬಿಡಲಿಲ್ಲ. ದನದ ತೊಗಲೇ ನಾಣ್ಯವಾಗಿದ್ದ ನಾಡಿನಲ್ಲಿ ತೊಗಲು ಕೊಟ್ಟು ಪುಸ್ತಕ ತಂದವನ ಮೇಲೆ, ಓದುವ ಹವ್ಯಾಸವುಳ್ಳ ಯಾರಿಗಾದರೂ ಒಂದಿಷ್ಟು ಪ್ರೀತಿ ಹುಟ್ಟುವುದು ಸಹಜ.

ಆದರೆ ಅದೇ ಕೈ ಕತ್ತಿಯನ್ನೂ ಹಿಡಿದಿತ್ತೆಂಬುದನ್ನು ಮರೆಯಲಾಗದು. 1824ರಲ್ಲಿ ಸೈನ್ಯಕ್ಕೆ ಕೆಡೆಟ್ ಆಗಿ ಸೇರಿದ ವಯೇಹೊ 1829ರಲ್ಲಿ ಎಸ್ತಾನಿಸ್ಲಾವೊ ಎಂಬ ಆದಿನಿವಾಸಿ ನಾಯಕನ ಬಂಡಾಯವನ್ನು ಅಡಗಿಸಲು ಪಡೆಯೊಂದನ್ನು ನಡೆಸಿಕೊಂಡು ಹೋದನು. ಮಿಷನ್ನಿನಲ್ಲಿ ಬೆಳೆದು, ಅಲ್ಲಿಂದ ಹೊರಬಿದ್ದು, ನದೀತೀರದ ಕಾಡಿನಲ್ಲಿ ಕಂದಕ ತೋಡಿ ನಿಂತ ಎಸ್ತಾನಿಸ್ಲಾವೊ ಅದುವರೆಗೆ ಬಂದ ಪಡೆಗಳನ್ನು ಹಿಮ್ಮೆಟ್ಟಿಸಿದ್ದನು. ವಯೇಹೊ ತೋಪು ತಂದನು, ಕಾಡಿಗೆ ಬೆಂಕಿ ಹಚ್ಚಿಸಿದನು. ನಾಯಕ ತಪ್ಪಿಸಿಕೊಂಡನು, ಸಿಕ್ಕಿದವರಲ್ಲಿ ಕೆಲವರನ್ನು ಮುದುಕಿಯರೆಂದೂ ನೋಡದೆ ಕೊಂದರು. ಈ ಕ್ರೌರ್ಯದ ಮೇಲೆ ಪಾದ್ರಿ ದುರಾನ್ ದೂರು ಕೊಟ್ಟದ್ದರಿಂದ ವಿಚಾರಣೆ ನಡೆಯಿತು. ದಂಡನಾಯಕನ ಕೂದಲೂ ಕೊಂಕಲಿಲ್ಲ. ಎಸ್ತಾನಿಸ್ಲಾವೊ ಅದೇ ಪಾದ್ರಿಯ ಆಶ್ರಯ ಪಡೆದು ಕ್ಷಮೆ ಹೊಂದಿದನು. ಆ ನದಿಗೆ ಇಂದು ಸ್ಟಾನಿಸ್ಲಾಸ್ ಎಂಬ ಹೆಸರಿದೆ. ಅದು ಬಂಡಾಯಗಾರನ ಹೆಸರೇ.

ಮರುವರ್ಷ ದಕ್ಷಿಣದ ಸಾನ್ ದಿಯೇಗೊಗೆ ಕರ್ತವ್ಯದ ಮೇಲೆ ಹೋದ ಯುವಸೈನಿಕನ ಕಣ್ಣಿಗೆ ಕರಿಯೊ ಮನೆತನದ ಫ್ರಾನ್ಸಿಸ್ಕಾ ಬೆನೀಸಿಯ ಬಿದ್ದಳು. ಆಕೆಗೆ ಆಗ ಹದಿನೈದರ ಪ್ರಾಯ. ಸೈನ್ಯಾಧಿಕಾರಿಯ ಮದುವೆಗೆ ಮೆಕ್ಸಿಕೊ ನಗರದಿಂದ ಅನುಮತಿ ಬರಬೇಕೆಂಬ ನಿಯಮವಿದ್ದುದರಿಂದ ಕಾಗದ ಹೋಗಿ ಬರುವವರೆಗೆ ವಧೂವರರು ಕಾಯಬೇಕಾಯಿತು. 1832ರ ಮಾರ್ಚ್ 6ರಂದು ವಿವಾಹ ನೆರವೇರಿತು. ಈ ದಾಂಪತ್ಯದಲ್ಲಿ ಹುಟ್ಟಿದ ಮಕ್ಕಳು ಹದಿನಾರು. ಬೆಳೆದು ದೊಡ್ಡವರಾದವರು ಹತ್ತು. ಹಾಗೆಂದರೆ ಆರು ಬಾರಿ ಆ ತಾಯಿ ಗಡಿಯ ಮಣ್ಣಿನಲ್ಲಿ ಹಸುಗೂಸುಗಳನ್ನು ಒಪ್ಪಿಸಿದಳು. ಗಂಡನ ಕೀರ್ತಿಯನ್ನು ಬರೆಯುವ ಪುಸ್ತಕಗಳಲ್ಲಿ ಇದಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಸಾಲು.

ಗಡಿಯೆಂದೆನಷ್ಟೆ. ಉತ್ತರದ ಕಡಲತೀರದಲ್ಲಿ ರಷ್ಯನರು 1812ರಿಂದ ಫೋರ್ಟ್ ರಾಸ್ ಎಂಬ ಠಾಣ್ಯವನ್ನು ಹಾಕಿಕೊಂಡಿದ್ದರು. ಅವರು ದಕ್ಷಿಣಕ್ಕೆ ಚಾಚಿಕೊಳ್ಳದಂತೆ ಅಡ್ಡಗಟ್ಟೆಯಾಗಿ ಒಂದು ಊರನ್ನು ನಿರ್ಮಿಸಬೇಕೆಂದು ಗವರ್ನರ್ ಫಿಗರೋವಾನ ಯೋಚನೆ. ಅದೇ ಸಮಯದಲ್ಲಿ ಮಿಷನ್ನುಗಳನ್ನು ಪಾದ್ರಿಗಳ ಕೈಯಿಂದ ಬಿಡಿಸುವ ಕಾನೂನು ಜಾರಿಗೆ ಬಂದಿತ್ತು. ಎರಡು ಕಾರ್ಯಗಳಿಗೂ ಆರಿಸಲ್ಪಟ್ಟವನು ವಯೇಹೊ. 1834ರಲ್ಲಿ ಸೊನೋಮ ಕಣಿವೆಯ ಮಿಷನ್ನನ್ನು ವಶಕ್ಕೆ ತೆಗೆದುಕೊಂಡು, 1835ರಲ್ಲಿ ಅದರ ಎದುರಿಗೆ ಊರಿನ ಬೀದಿಗಳನ್ನು ಗುರುತುಹಾಕಿದನು. ಮಧ್ಯೆ ಎಂಟು ಎಕರೆಯ ಚೌಕ. ಅದರ ಬದಿಗೆ ಸೈನಿಕರ ಬಿಡಾರ. ಪಕ್ಕದಲ್ಲಿ ಗೋಪುರವುಳ್ಳ ತನ್ನ ದೊಡ್ಡ ಮನೆ. ಆ ಚೌಕ ಇಂದಿಗೂ ಹಾಗೆಯೇ ಇದೆ.

ಮಿಷನ್ನಿನ ಆಸ್ತಿಯಲ್ಲಿ ಅರ್ಧದಷ್ಟನ್ನು ಅಲ್ಲಿ ದುಡಿದ ಆದಿನಿವಾಸಿ ಕುಟುಂಬಗಳಿಗೆ ಹಂಚಬೇಕೆಂಬುದು ಆ ಕಾನೂನಿನ ಆಶಯವಾಗಿತ್ತು. ನಡೆದದ್ದೇ ಬೇರೆ. ಸೊನೋಮದಲ್ಲಾಗಲಿ ಇತರ ಕಡೆಯಲ್ಲಾಗಲಿ ಅವರ ಪಾಲಿಗೆ ಬಂದದ್ದು ಅತ್ಯಲ್ಪ, ಬಂದದ್ದೂ ನಿಲ್ಲಲಿಲ್ಲ. ದನಗಳು, ಹೊಲಗಳು, ದುಡಿಯುವ ಕೈಗಳು ಮೇಲ್ವಿಚಾರಕನ ಮನೆತನದ ಕಡೆಗೆ ಹರಿದವು. ಸೊನೋಮದ ಪಶ್ಚಿಮಕ್ಕಿದ್ದ ಪೆಟಲೂಮ ಎಂಬ ಪ್ರದೇಶ ವಯೇಹೊಗೆ 1834ರಲ್ಲಿ ಜಹಗೀರಾಗಿ ದೊರೆಯಿತು. ಮುಂದೆ ವಿಸ್ತರಿಸಿ 66,000 ಎಕರೆಗಳಷ್ಟಾಯಿತು. ಅಲ್ಲಿ ಹಸಿಮಣ್ಣಿನ ಇಟ್ಟಿಗೆಯಿಂದ ಅವನು ಕಟ್ಟಿಸಿದ ಎರಡಂತಸ್ತಿನ ಕಟ್ಟಡ ಅರಮನೆಯಲ್ಲ, ಕಾರ್ಖಾನೆ. ನೂರಾರು ಆದಿನಿವಾಸಿಗಳು ಅಲ್ಲಿ ತೊಗಲು ಹದಮಾಡುತ್ತಿದ್ದರು, ಪಶುಕೊಬ್ಬನ್ನು ಕಾಯಿಸುತ್ತಿದ್ದರು, ಕಂಬಳಿ ನೇಯುತ್ತಿದ್ದರು, ಗೋಧಿ ಬೆಳೆಯುತ್ತಿದ್ದರು. ಹತ್ತು ಸಾವಿರಕ್ಕೂ ಮೀರಿದ ದನಗಳು ಬಯಲಿನಲ್ಲಿ ಮೇಯುತ್ತಿದ್ದವು. ಬಾಸ್ಟನ್ನಿನ ಹಡಗುಗಳು ಬಂದು ತೊಗಲು, ಕೊಬ್ಬುಗಳನ್ನು ಕೊಂಡು ಬಟ್ಟೆ, ಪಾತ್ರೆ, ಪೀಠೋಪಕರಣಗಳನ್ನು ಇಳಿಸಿ ಹೋಗುತ್ತಿದ್ದವು.

ಈ ರಾಜ್ಯಭಾರದಲ್ಲಿ ವಯೇಹೊನ ಬಲಗೈಯಾಗಿ ನಿಂತವನು ಸುಯಿಸೂನ್ ಬುಡಕಟ್ಟಿನ ನಾಯಕ ಸೆಮ್ ಯೇತೊ. ಕ್ರೈಸ್ತನಾದ ಮೇಲೆ ಅವನಿಗೆ ಸೊಲಾನೊ ಎಂಬ ಹೆಸರು. ಆರೂವರೆ ಅಡಿಯ ಆಳೆಂದು ಅವನನ್ನು ಕಂಡವರು ವರ್ಣಿಸಿದ್ದಾರೆ. ಉತ್ತರದ ಬುಡಕಟ್ಟುಗಳನ್ನು ಕೆಲವೊಮ್ಮೆ ಸಂಧಾನದಿಂದಲೂ ಕೆಲವೊಮ್ಮೆ ಯುದ್ಧದಿಂದಲೂ ಅಂಕೆಯಲ್ಲಿಡಲು ವಯೇಹೊಗೆ ಅವನ ನೆರವು ಬೇಕಿತ್ತು. ಸೊಲಾನೊಗೆ ತನ್ನ ವೈರಿಗಳ ಮೇಲೆ ಮೆಕ್ಸಿಕನ್ನರ ಬಂದೂಕು ಬೇಕಿತ್ತು. ಇದರಲ್ಲಿ ಲೆಕ್ಕಾಚಾರವೂ ಇತ್ತು, ನಿಜವಾದ ಸ್ನೇಹವೂ ಇತ್ತು. ಎರಡರಲ್ಲಿ ಯಾವುದು ಎಷ್ಟೆಂದು ಇಂದು ತೂಗಿ ಹೇಳುವುದು ಕಷ್ಟ. 1837ರ ಸುಮಾರಿಗೆ ಫೋರ್ಟ್ ರಾಸಿನ ಕಡೆಯಿಂದ ಸಿಡುಬು ಬಂತು. ಬಂದೂಕು ಮಾಡಲಾರದ್ದನ್ನು ಅದು ಮಾಡಿತು. ಸಾವಿರಾರು ಆದಿನಿವಾಸಿಗಳು ಅದಕ್ಕೆ ಬಲಿಯಾಗಿ ಹಳ್ಳಿಗೆ ಹಳ್ಳಿಯೇ ಬರಿದಾಯಿತು. ಸೊಲಾನೊ ಬದುಕಿ ಉಳಿದನು. ಅವನ ಜನರಲ್ಲಿ ಉಳಿದವರು ಕೆಲವರೇ.

1836ರಲ್ಲಿ ಅಲ್ವರಾಡೊ ಮೆಕ್ಸಿಕೊದ ಅಧಿಕಾರಿಗಳನ್ನು ಹೊರದೂಡಿ ತಾನೇ ಗವರ್ನರ್ ಆದನು. ಸೋದರಮಾವ ಸರ್ವಸೇನಾಪತಿಯಾದನು. ಅಳಿಯ ಮಾಂಟೆರೆಯಲ್ಲಿ, ಮಾವ ಸೊನೋಮದಲ್ಲಿ. ಬಾಲ್ಯದ ಗೆಳೆತನ ಅಧಿಕಾರದ ಶಾಖಕ್ಕೆ ಬಹುಬೇಗ ಕರಗಿತು. ಮೆಕ್ಸಿಕೊ ಸರ್ಕಾರದಿಂದ ಹಣ ಬಾರದಿದ್ದಾಗ ಸೊನೋಮದ ಸೈನಿಕರಿಗೆ ವಯೇಹೊ ಸ್ವಂತ ಬೊಕ್ಕಸದಿಂದಲೇ ಸಂಬಳ ಕೊಡುತ್ತ ಬಂದನು. 1844ರಲ್ಲಿ ಬೇಸತ್ತು ಆ ಪಡೆಯನ್ನೇ ವಿಸರ್ಜಿಸಿದನು. ಇದಕ್ಕೂ ಮೊದಲೇ, 1841ರಲ್ಲಿ, ರಷ್ಯನರು ಫೋರ್ಟ್ ರಾಸನ್ನು ಜಾನ್ ಸಟರ್ ಎಂಬ ಸ್ವಿಸ್ ಸಾಹಸಿಗೆ ಮಾರಿ ಹೊರಟುಹೋಗಿದ್ದರು. ಯಾರಿಗಾಗಿ ಊರು ಕಟ್ಟಿದ್ದೋ ಆ ಶತ್ರುವೇ ಇಲ್ಲವಾಯಿತು. ಹೊಸಬರು ಪೂರ್ವದ ಪರ್ವತಗಳನ್ನು ದಾಟಿ, ಎತ್ತಿನ ಗಾಡಿಗಳಲ್ಲಿ ಬರತೊಡಗಿದ್ದರು.

ಈ ಅಮೆರಿಕನ್ನರ ವಿಷಯದಲ್ಲಿ ವಯೇಹೊನ ಮನಸ್ಸು ಅವನ ಸಮಕಾಲೀನರದಕ್ಕಿಂತ ಭಿನ್ನವಾಗಿತ್ತು. ಪರವಾನಗಿ ಇಲ್ಲದೆ ಬಂದವರನ್ನು ಹೊರಗಟ್ಟಬೇಕೆಂದು ಮೆಕ್ಸಿಕೊ ಆಜ್ಞೆ ಕಳಿಸುತ್ತಿತ್ತು. ಅವನು ಅವರಿಗೆ ಕಾಳು ಕೊಟ್ಟನು, ಇರಲು ಜಾಗ ಕೊಟ್ಟನು. ದೂರದ ಮೆಕ್ಸಿಕೊದಿಂದ ಈ ನಾಡಿಗೆ ರಕ್ಷಣೆಯೂ ಇಲ್ಲ, ಏಳಿಗೆಯೂ ಇಲ್ಲ. ಗಣರಾಜ್ಯವಾದ ಅಮೆರಿಕದೊಂದಿಗೆ ಸೇರುವುದೇ ಲೇಸೆಂಬುದು ಅವನ ನಿಲುವು. ಇದಕ್ಕೆ ಕುಟುಂಬದ ಕಾರಣಗಳೂ ಇದ್ದವು. ತಂಗಿ ಎನ್‌ಕಾರ್ನಾಸಿಯೋನ್ ಬಾಸ್ಟನ್ನಿನ ಕ್ಯಾಪ್ಟನ್ ಕೂಪರನನ್ನು ಮದುವೆಯಾಗಿದ್ದಳು. ಇನ್ನೊಬ್ಬ ತಂಗಿ ರೊಸಾಲಿಯ ಒಹಾಯೊದಿಂದ ಬಂದ ವರ್ತಕ ಜೇಕಬ್ ಲೀಸನ ಹೆಂಡತಿ. ಅಮೆರಿಕ ಅವನಿಗೆ ಪರರಾಜ್ಯವಾಗಿ ಕಾಣುವ ಮೊದಲೇ ಬೀಗರ ಮನೆಯಾಗಿತ್ತು.

1846ರ ಜೂನ್ 14ರ ನಸುಕಿನಲ್ಲಿ ಆ ಬೀಗರ ದೇಶದವರು ಬಾಗಿಲು ತಟ್ಟಿದರು. ಚರ್ಮದ ಅಂಗಿ ತೊಟ್ಟ, ಕೆದರಿದ ತಲೆಯ, ಮೂವತ್ತು ಮೂವತ್ತೈದು ಮಂದಿ ಬೇಟೆಗಾರರೂ ವಲಸೆಗಾರರೂ ಸೇರಿದ ಗುಂಪು ಚೌಕವನ್ನು ಸುತ್ತುವರಿದಿತ್ತು. ಮೆಕ್ಸಿಕೊಗೂ ಅಮೆರಿಕಕ್ಕೂ ಯುದ್ಧ ಆಗಲೇ ಆರಂಭವಾಗಿದ್ದರೂ ಆ ವಾರ್ತೆ ಸೊನೋಮಕ್ಕೆ ತಲುಪಿರಲಿಲ್ಲ. ಕಾವಲಿಗೆ ಒಬ್ಬ ಸಿಪಾಯಿಯೂ ಇರಲಿಲ್ಲ. ಹಿಂಬಾಗಿಲಿನಿಂದ ತಪ್ಪಿಸಿಕೊಳ್ಳುವಂತೆ ಫ್ರಾನ್ಸಿಸ್ಕಾ ಬೇಡಿಕೊಂಡಳೆಂದೂ, ಹೆಂಡತಿ ಮಕ್ಕಳನ್ನು ಬಿಟ್ಟು ಓಡುವುದು ತನಗೆ ಒಪ್ಪದೆಂದು ಅವನು ನಿರಾಕರಿಸಿದನೆಂದೂ ಹೇಳುತ್ತಾರೆ. ಸಾವಧಾನವಾಗಿ ಸೇನಾಪತಿಯ ಸಮವಸ್ತ್ರವನ್ನು ಧರಿಸಿ, ಬಾಗಿಲು ತೆರೆಸಿ, ಬಂದವರ ಮುಖಂಡರನ್ನು ಒಳಗೆ ಕೂರಿಸಿ ಬ್ರಾಂದಿ ಕೊಟ್ಟು, ಬಂದ ಕಾರ್ಯವೇನೆಂದು ವಿಚಾರಿಸಿದನು. ಲೀಸ್ ದುಭಾಷಿಯಾದನು. ಗಂಟೆಗಟ್ಟಲೆ ಮಾತುಕತೆ ನಡೆದು, ಜನರ ಪ್ರಾಣಕ್ಕೂ ಸೊತ್ತಿಗೂ ಅಪಾಯವಿಲ್ಲವೆಂಬ ಒಪ್ಪಂದವಾಯಿತು. ಹೊರಗೆ ಕಾದಿದ್ದವರು ಅದನ್ನು ಒಪ್ಪಲಿಲ್ಲ. ಸೇನಾಪತಿಯನ್ನೂ, ತಮ್ಮ ಸಾಲ್ವದೋರನನ್ನೂ, ಕಾರ್ಯದರ್ಶಿ ಪ್ರುಡೋನನ್ನೂ ಸೆರೆಯಾಳುಗಳಾಗಿ ಒಯ್ಯಬೇಕೆಂದು ಹಟ ಹಿಡಿದರು. ದುಭಾಷಿ ಲೀಸನೂ ಕೊನೆಗೆ ಬಂದಿಯಾದನು. ಅವರು ಹೊರಟ ಮೇಲೆ, ಬಟ್ಟೆಯ ಮೇಲೆ ಕರಡಿಯೊಂದನ್ನು ಬರೆದು ಚೌಕದಲ್ಲಿ ಬಾವುಟ ಹಾರಿಸಿದರು. ಆ ಕರಡಿ ಗಣರಾಜ್ಯ ಬದುಕಿದ್ದು ಇಪ್ಪತ್ತೈದು ದಿನ; ಅನಂತರ ಅಮೆರಿಕದ ಬಾವುಟವೇ ಏರಿತು.

ಸಟರನ ಕೋಟೆಯಲ್ಲಿ ವಯೇಹೊ ಆಗಸ್ಟ್ ಆರಂಭದವರೆಗೆ ಸೆರೆಯಲ್ಲಿದ್ದನು. ಅಮೆರಿಕದೊಂದಿಗೆ ಸೇರಬೇಕೆಂದು ಬಹಿರಂಗವಾಗಿ ಹೇಳುತ್ತಿದ್ದ ಏಕೈಕ ಪ್ರಬಲ ವ್ಯಕ್ತಿಯನ್ನೇ ಅಮೆರಿಕನ್ನರು ಮೊದಲು ಸೆರೆಗೆ ಹಾಕಿದರೆಂಬುದು ಈ ಚರಿತ್ರೆಯ ವಿಚಿತ್ರಗಳಲ್ಲೊಂದು. ಬಿಡುಗಡೆಯಾಗಿ ಮನೆಗೆ ಬಂದಾಗ ಚಳಿಜ್ವರದಿಂದ ಅವನು ಮೂಳೆಚಕ್ಕಳವಾಗಿದ್ದನು. ಸಾವಿರಕ್ಕೂ ಹೆಚ್ಚು ದನಗಳೂ ಪಳಗಿದ ಆರುನೂರು ಕುದುರೆಗಳೂ ಮಾಯವಾಗಿದ್ದವೆಂದು ಅವನು ಅಮೆರಿಕದ ಕಾನ್ಸಲ್ ಲಾರ್ಕಿನನಿಗೆ ಬರೆದು ತಿಳಿಸಿದನು. ಇಷ್ಟಾದರೂ ಅವನ ನಿಲುವು ಕದಲಲಿಲ್ಲ. ಇದನ್ನು ಔದಾರ್ಯವೆನ್ನಬೇಕೋ, ವಿವೇಕವೆನ್ನಬೇಕೋ, ಗೆದ್ದವರ ಪಕ್ಷವನ್ನು ಬೇಗನೆ ಗುರುತಿಸುವ ಜಾಣ್ಮೆಯೆನ್ನಬೇಕೋ? ನನಗೆ ತೋರುವಂತೆ, ತಾನು ನಂಬಿದ್ದು ಅಮೆರಿಕದ ಕಾನೂನನ್ನೇ ಹೊರತು ಈ ಕುದುರೆಗಳ್ಳರನ್ನಲ್ಲವೆಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡಿರಬೇಕು. ಆ ಕಾನೂನಿನ ಪರಿಚಯ ಆಮೇಲೆ ಆಯಿತು.

ಅದಕ್ಕೆ ಮೊದಲು ಕೆಲವು ವರ್ಷ ಅವನದು ವೈಭವದ ಬಾಳು. ಕಾರ್ಕೀನೆಸ್ ಜಲಸಂಧಿಯ ದಡದಲ್ಲಿ ನಗರವೊಂದನ್ನು ಸ್ಥಾಪಿಸಲು ರಾಬರ್ಟ್ ಸೆಂಪಲ್ ಎಂಬಾತ ಬಂದು ಜಾಗ ಕೇಳಿದನು, ವಯೇಹೊ ಕೊಟ್ಟನು. ಈ ಸೆಂಪಲ್ ಬೇರೆ ಯಾರೂ ಅಲ್ಲ, ಜೂನ್ 14ರ ನಸುಕಿನಲ್ಲಿ ಅವನನ್ನು ಸೆರೆಹಿಡಿಯಲು ಬಂದವರಲ್ಲೊಬ್ಬ! ಊರಿಗೆ ಹೆಂಡತಿಯ ಹೆಸರಿನಿಂದ ಫ್ರಾನ್ಸಿಸ್ಕಾ ಎಂದು ಹೆಸರಿಡಬೇಕೆಂದಿದ್ದರು. ಅಷ್ಟರಲ್ಲಿ, 1847ರಲ್ಲಿ, ಕೊಲ್ಲಿಯಾಚೆಯ ಯೆರ್ಬ ಬುವೇನ ಎಂಬ ಹಳ್ಳಿ ತನ್ನ ಹೆಸರನ್ನು ಸ್ಯಾನ್ ಫ್ರಾನ್ಸಿಸ್ಕೊ ಎಂದು ಬದಲಾಯಿಸಿಕೊಂಡಿತು. ಎರಡು ಹೆಸರುಗಳು ಗೊಂದಲಕ್ಕೆ ಕಾರಣವಾಗಬಾರದೆಂದು ಆಕೆಯ ಎರಡನೆಯ ಹೆಸರು ಬೆನೀಸಿಯ ಊರಿಗೆ ಬಂತು.

1848ರ ಜನವರಿಯಲ್ಲಿ ಸಟರನ ಗರಗಸದ ಕಾರ್ಖಾನೆಯ ಕಾಲುವೆಯಲ್ಲಿ ಚಿನ್ನ ಕಂಡಿತು. ಫೆಬ್ರವರಿಯಲ್ಲಿ ಒಪ್ಪಂದವಾಗಿ ಕ್ಯಾಲಿಫೋರ್ನಿಯ ಅಮೆರಿಕಕ್ಕೆ ಸೇರಿತು. ಜನಪ್ರವಾಹ ಹರಿದು ಬಂತು. 1849ರಲ್ಲಿ ಮಾಂಟೆರೆಯಲ್ಲಿ ರಾಜ್ಯಾಂಗ ರಚನೆಗೆ ಕೂಡಿದ 48 ಪ್ರತಿನಿಧಿಗಳಲ್ಲಿ ಸ್ಪ್ಯಾನಿಷ್ ಮಾತನಾಡುವ ಸ್ಥಳೀಯರು ಎಂಟೇ ಮಂದಿ, ವಯೇಹೊ ಅವರಲ್ಲೊಬ್ಬ. ರಾಜ್ಯಮುದ್ರೆಯಲ್ಲಿ ಕರಡಿಯ ಚಿತ್ರ ಇರಬೇಕೆಂಬ ಪ್ರಸ್ತಾಪ ಬಂದಾಗ, ಕರಡಿಯನ್ನು ತೆಗೆದುಹಾಕಬೇಕು, ಇಲ್ಲವೇ ದನಗಾಹಿಯೊಬ್ಬ ಅದರ ಕುತ್ತಿಗೆಗೆ ಹಗ್ಗದ ಕುಣಿಕೆ ಹಾಕಿ ಹಿಡಿದಿರುವಂತೆ ಬರೆಯಬೇಕೆಂದು ಅವನು ಸೂಚಿಸಿದನು. ಸೂಚನೆ ಬಿದ್ದುಹೋಯಿತು. ಹಾಸ್ಯದ ಮರೆಯಲ್ಲಿ ಸೆರೆಮನೆಯ ನೆನಪು ಇಣುಕಿದ ಕ್ಷಣ ಇದೊಂದೇ ಇರಬೇಕು. ಮರುವರ್ಷ ಅವನು ಸೆನೆಟಿನ ಸದಸ್ಯನಾಗಿ ಜಿಲ್ಲೆಗಳ ಹೆಸರುಗಳ ಅರ್ಥವಿವರಣೆಯನ್ನು ಬರೆದು ಒಪ್ಪಿಸಿದನು. ಒಂದು ಜಿಲ್ಲೆಗೆ ಹಳೆಯ ಮಿತ್ರ ಸೊಲಾನೊನ ಹೆಸರು ಬಂದದ್ದು ಅವನ ಕೋರಿಕೆಯಿಂದಲೇ.

ರಾಜಧಾನಿಯ ಪ್ರಸಂಗವಂತೂ ಪ್ರಹಸನದಂತಿದೆ. ಹೊಸ ರಾಜ್ಯದ ರಾಜಧಾನಿಯನ್ನು ತನ್ನ ಭೂಮಿಯಲ್ಲಿ ಕಟ್ಟುವುದಾದರೆ 156 ಎಕರೆ ನೆಲವನ್ನೂ, ಕಟ್ಟಡಗಳಿಗೆಂದು 3,70,000 ಡಾಲರುಗಳನ್ನೂ ಕೊಡುವುದಾಗಿ ಅವನು ಮುಂದೆ ಬಂದನು. ಶಾಸನಸಭೆ ಒಪ್ಪಿತು. ಊರಿಗೆ ಅವನ ಹೆಸರೇ ಬಂತು. 1852ರ ಜನವರಿಯಲ್ಲಿ ಸದಸ್ಯರು ಬಂದು ನೋಡಿದರೆ ಅರೆಕಟ್ಟಿದ ಕಟ್ಟಡಗಳು, ಕೂರಲು ಸಾಕಷ್ಟು ಕುರ್ಚಿಗಳಿಲ್ಲ, ಮಲಗಲು ಜಾಗವಿಲ್ಲ. ಗೊಣಗಾಟ ಆರಂಭವಾಗಿ ಸುಮಾರು ಒಂದು ವಾರದಲ್ಲಿ ಸಭೆ ಸ್ಯಾಕ್ರಮೆಂಟೊಗೆ ಓಡಿತು. ಮತ್ತೊಮ್ಮೆ ಬಂದು, ಬೆನೀಸಿಯಕ್ಕೆ ಹೋಗಿ, 1854ರಲ್ಲಿ ಸ್ಯಾಕ್ರಮೆಂಟೊದಲ್ಲಿ ನೆಲೆನಿಂತಿತು. ವಯೇಹೊನ ಹಣ ನೀರಿನಲ್ಲಿ ಹೋಮ ಮಾಡಿದಂತಾಯಿತು.

ನಿಜವಾದ ಪೆಟ್ಟು ಬಿದ್ದದ್ದು ಕಾಗದದ ಮೇಲೆ. ಒಪ್ಪಂದದಲ್ಲಿ ಮೆಕ್ಸಿಕನ್ನರ ಆಸ್ತಿಗೆ ರಕ್ಷಣೆಯ ಭರವಸೆಯಿತ್ತು. ಆದರೆ 1851ರ ಭೂಕಾಯಿದೆಯ ಪ್ರಕಾರ ಹಳೆಯ ಜಹಗೀರುದಾರರೆಲ್ಲರೂ ಕಮಿಷನ್ನಿನ ಮುಂದೆ ಬಂದು ತಮ್ಮ ಹಕ್ಕನ್ನು ಸಿದ್ಧಪಡಿಸಿ ತೋರಿಸಬೇಕು. ಎರಡು ವರ್ಷದೊಳಗೆ ಬಾರದವನ ಭೂಮಿ ಸರ್ಕಾರದ್ದು. ರುಜುವಾತಿನ ಹೊರೆ ಒಡೆಯನ ಮೇಲೆ. ಗುಡ್ಡದ ತುದಿ, ಒಂಟಿ ಓಕ್ ಮರ, ಹಳ್ಳದ ತಿರುವು ಮೊದಲಾದವನ್ನೇ ಎಲ್ಲೆಯೆಂದು ಬರೆದುಕೊಂಡಿದ್ದ ಹಳೆಯ ಸ್ಪ್ಯಾನಿಷ್ ಪತ್ರಗಳನ್ನು ಇಂಗ್ಲಿಷ್ ವಕೀಲರ ಕೈಗೆ ಕೊಡಬೇಕು. 813 ದಾವೆಗಳು ದಾಖಲಾದವು. ಕಮಿಷನ್, ಜಿಲ್ಲಾ ನ್ಯಾಯಾಲಯ, ಸುಪ್ರೀಂ ಕೋರ್ಟು ಎಂದು ಮೇಲ್ಮನವಿಗಳ ಮೆಟ್ಟಿಲು ಹತ್ತಿ ಇಳಿದು ಪಟ್ಟಾ ಕೈಗೆ ಬರುವ ಹೊತ್ತಿಗೆ ಸರಾಸರಿ 17 ವರ್ಷಗಳು ಸಂದಿದ್ದವು. ಅಷ್ಟರಲ್ಲಿ ವಕೀಲರ ಶುಲ್ಕ, ಸಾಲದ ಬಡ್ಡಿ, ತೆರಿಗೆ, ಅಳತೆಯ ಖರ್ಚುಗಳು ಭೂಮಿಯನ್ನು ನುಂಗಿರುತ್ತಿದ್ದವು. ನ್ಯಾಯ ಸಿಕ್ಕಿದವನೂ ನೆಲ ಕಳೆದುಕೊಳ್ಳುತ್ತಿದ್ದನು.

ಪೆಟಲೂಮದ ಹಕ್ಕು ಊರ್ಜಿತವಾದದ್ದೇನೋ ಸರಿ. ಪಟ್ಟಾ ಬಂದದ್ದು 1874ರಲ್ಲಿ. ಅದಕ್ಕೆ ಹದಿನೇಳು ವರ್ಷ ಮೊದಲೇ, 1857ರಲ್ಲಿ, ಆ ದೊಡ್ಡ ಕಟ್ಟಡವನ್ನು ಅದರ ಸುತ್ತಣ ಭೂಮಿಯೊಡನೆ 25,000 ಡಾಲರಿಗೆ ಅವನು ಮಾರಿಬಿಟ್ಟಿದ್ದನು. ಸೊಸ್ಕೋಲ್ ಎಂಬ ಇನ್ನೊಂದು ಜಹಗೀರು ಇದಕ್ಕಿಂತ ದೊಡ್ಡದು. 80,000 ಎಕರೆಗೂ ಮೀರಿದ್ದು. ವಯೇಹೊ, ಬೆನೀಸಿಯ ಪಟ್ಟಣಗಳೆರಡೂ ನಿಂತದ್ದು ಅದರ ಮೇಲೆ. ಅದನ್ನು ಮೆಕ್ಸಿಕನ್ ಗವರ್ನರ್ ಮಿಚೆಲ್ತೊರೆನ, ಸೈನ್ಯಕ್ಕೆ ಒದಗಿಸಿದ ಸಾಮಗ್ರಿಯ ಬಾಬ್ತು 5,000 ಡಾಲರಿಗೆ ಪ್ರತಿಯಾಗಿ ಅವನಿಗೆ ಕೊಟ್ಟಿದ್ದನು. ಕಮಿಷನ್ನೂ ಜಿಲ್ಲಾ ನ್ಯಾಯಾಲಯವೂ ಒಪ್ಪಿದುದನ್ನು 1862ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಅಂಥ ಭೂಮಿಯನ್ನು ಮಾರುವ ಅಧಿಕಾರ ಗವರ್ನರನಿಗೆ ಇರಲಿಲ್ಲವೆಂಬುದು ತೀರ್ಪಿನ ಆಧಾರ. ಸುದ್ದಿ ಹಬ್ಬಿದ್ದೇ ತಡ, ಜನ ಗಾಡಿಗಳಲ್ಲಿ ಹಲಗೆ ಹೇರಿಕೊಂಡು ಬಂದು ಅಲ್ಲಲ್ಲಿ ಗುಡಿಸಲು ನೆಟ್ಟರು. ವಯೇಹೊನಿಂದ ಭೂಮಿ ಕೊಂಡಿದ್ದವರು ಗಾಬರಿಗೊಂಡು ಕಾಂಗ್ರೆಸ್ಸಿಗೆ ಮೊರೆಯಿಟ್ಟರು. ಎಕರೆಗೆ ಒಂದೂಕಾಲು ಡಾಲರಿನಂತೆ ಮತ್ತೊಮ್ಮೆ ಹಣ ಕಟ್ಟಿ ತಮ್ಮ ತಮ್ಮ ಹಿಡುವಳಿಗಳನ್ನು ಉಳಿಸಿಕೊಳ್ಳಲು 1863ರ ಕಾಯಿದೆ ಅವಕಾಶ ಮಾಡಿಕೊಟ್ಟಿತು. ಮಾರಿದವನಿಗೆ ಮಾತ್ರ ಏನೂ ಉಳಿಯಲಿಲ್ಲ.

ಇಲ್ಲೊಂದು ಮಾತನ್ನು ಹೇಳದೆ ಮುಂದೆ ಹೋಗುವುದು ತಪ್ಪಾದೀತು. ಪತ್ರವಿಲ್ಲ, ಅಧಿಕಾರವಿಲ್ಲವೆಂಬ ಕಾರಣದಿಂದ ವಯೇಹೊ ಕಳೆದುಕೊಂಡ ಸೊಸ್ಕೋಲಿನ ಬಯಲು ಮೊದಲಿಗೆ ಪತ್ವಿನ್ ಜನರದು. ಅವರ ಹತ್ತಿರ ತೋರಿಸಲು ಪತ್ರವೇ ಇರಲಿಲ್ಲ, ಕೇಳಲು ಕಮಿಷನ್ನೂ ಇರಲಿಲ್ಲ. ಸೊಲಾನೊಗೆ ಸುಯಿಸೂನ್ ಎಂಬ ಜಹಗೀರು ಕಾಗದದ ಮೇಲೆ ದೊರೆತಿತ್ತು. ಅದನ್ನು ಅವನಿಂದ ಕೊಂಡುಕೊಂಡವನು ವಯೇಹೊನೇ. ತನ್ನ ಭೂಮಿ ಹೋದಾಗ ಸೇನಾಪತಿಗೆ ಇದು ನೆನಪಾಯಿತೇ?

ಕುಟುಂಬದ ಕಡೆಗೆ ತಿರುಗೋಣ. ಮನೆಯ ಒಳಗಣ ಚರಿತ್ರೆ ಕೋರ್ಟಿನ ಚರಿತ್ರೆಯಷ್ಟೇ ಸಂಕೀರ್ಣವಾದದ್ದು. ಹಿರಿಯ ಮಗಳು ಎಪಿಫಾನಿಯ 1851ರಲ್ಲಿ ನ್ಯೂಯಾರ್ಕಿನ ದಳದೊಂದಿಗೆ ಬಂದಿದ್ದ ಕ್ಯಾಪ್ಟನ್ ಜಾನ್ ಫ್ರಿಸ್ಬಿಯ ಕೈಹಿಡಿದಳು. ಅವನ ತಮ್ಮ ಡಾಕ್ಟರ್ ಫ್ರಿಸ್ಬಿಗೆ ಇನ್ನೊಬ್ಬ ಮಗಳು ಅದೇಲ ಹೋದಳು. ಚತುರನಾದ ಹಿರಿಯ ಅಳಿಯನ ಕೈಗೆ ಮಾವ ತನ್ನ ವ್ಯವಹಾರಗಳ ಅಧಿಕಾರಪತ್ರವನ್ನೇ ಕೊಟ್ಟುಬಿಟ್ಟನು. ಅಳಿಯ ವಯೇಹೊ ನಗರದಲ್ಲಿ ಬ್ಯಾಂಕು ತೆರೆದು ಮೆರೆದನು. 1876ರಲ್ಲಿ ಅದು ಮುಳುಗಿದಾಗ ಮಾವನ ಉಳಿದ ಹಣವೂ ಅದರೊಂದಿಗೆ ಮುಳುಗಿತು. ಹಾಗಿದ್ದೂ ಮಾವ ಅಳಿಯಂದಿರ ಬಾಂಧವ್ಯ ಕೆಡಲಿಲ್ಲ. ಮರುವರ್ಷ ಇಬ್ಬರೂ ಜೊತೆಯಾಗಿ ಮೆಕ್ಸಿಕೊಗೆ ಪ್ರಯಾಣ ಮಾಡಿದರು. ನತಾಲಿಯ, ಹೊವೀತ ಎಂಬ ಇಬ್ಬರು ಹುಡುಗಿಯರ ಮದುವೆ 1863ರ ಜೂನ್ 1ರಂದು ಒಂದೇ ಹಸೆಯಲ್ಲಿ ನಡೆಯಿತು. ವರರು ಹಂಗೆರಿಯಿಂದ ಬಂದು ಸೊನೋಮದಲ್ಲಿ ದ್ರಾಕ್ಷಿ ಬೆಳೆದು ಪ್ರಸಿದ್ಧನಾದ ಅಗೋಸ್ಟನ್ ಹರಸ್ತಿಯ ಮಕ್ಕಳು. ಮಗ ಪ್ಲಾತೋನ್ ನ್ಯೂಯಾರ್ಕಿನಲ್ಲಿ ವೈದ್ಯಕೀಯ ಓದಿ, ಅಂತರ್ಯುದ್ಧದ ಗಾಯಾಳುಗಳ ಶುಶ್ರೂಷೆ ಮಾಡಿ ಬಂದು, ತಂದೆಯ ಹೆಸರಿನ ಊರಿನಲ್ಲಿ ವೈದ್ಯನಾಗಿ ನೆಲೆಸಿದನು. ಆದಿನಿವಾಸಿಗಳ ಮೇಲೆ ನಿರ್ದಯ ದಾಳಿಗಳನ್ನು ನಡೆಸಿ ಹೆಸರು ಕೆಡಿಸಿಕೊಂಡಿದ್ದ ತಮ್ಮ ಸಾಲ್ವದೋರನೂ ಆ ಯುದ್ಧಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿ ಮೇಜರ್ ಆದನು. ಆಸ್ತಿಯೆಲ್ಲ ಕರಗಿ, ಅಣ್ಣನ ಆಶ್ರಯದಲ್ಲಿ 1876ರಲ್ಲಿ ತೀರಿಕೊಂಡನು.

ಈ ಎಲ್ಲರ ನಡುವೆ ತಂಗಿ ರೊಸಾಲಿಯ ಬೇರೆಯೇ ಆಗಿ ನಿಲ್ಲುತ್ತಾಳೆ. ಅಮೆರಿಕನ್ನನ ಹೆಂಡತಿಯಾಗಿದ್ದ ಆಕೆ 1846ರ ಆ ಬೆಳಗನ್ನು ಜೀವಮಾನದಲ್ಲಿ ಕ್ಷಮಿಸಲಿಲ್ಲ. ಗಂಡನನ್ನೂ ಸೋದರರನ್ನೂ ಸೆರೆಗೊಯ್ದ ಮೇಲೆ, ಗರ್ಭಿಣಿಯಾಗಿದ್ದ ತನ್ನಿಂದ, ಮನೆಯೊಡನೆ ಸುಟ್ಟುಬಿಡುವುದಾಗಿ ಹೆದರಿಸಿ ಕ್ಯಾಪ್ಟನ್ ಫ್ರೆಮಾಂಟ್ ಪತ್ರವೊಂದನ್ನು ಬರೆಸಿಕೊಂಡನೆಂದು ಆಕೆ 1874ರಲ್ಲಿ ಹೇಳಿಕೆ ಕೊಟ್ಟಳು. ಬಾವುಟ ಹಾರಿಸಿದವರು ಆಕೆಯ ದೃಷ್ಟಿಯಲ್ಲಿ ಕಳ್ಳರು, ಅಷ್ಟೆ. ಆ ಜನರ ಮೇಲಿನ ದ್ವೇಷದಿಂದ ಅವರ ಭಾಷೆಯನ್ನು ಕಲಿಯಲೇ ಇಲ್ಲವೆಂದೂ ಆಕೆ ಅದರಲ್ಲಿ ತಿಳಿಸಿದ್ದಾಳೆ. ಗಂಡ ಆಕೆಯನ್ನು ಬಿಟ್ಟು ಪೂರ್ವಕ್ಕೆ ಹೊರಟುಹೋಗಿದ್ದನು. ಅಣ್ಣ ಸಂಪುಟಗಟ್ಟಲೆ ಬರೆದದ್ದಕ್ಕಿಂತ ತಂಗಿಯ ಆ ಕೆಲವು ಪುಟಗಳು ಓದುಗನನ್ನು ಹೆಚ್ಚು ಕಾಡುತ್ತವೆ.

ಅಣ್ಣನ ಬರವಣಿಗೆಯ ಕಥೆಯೂ ಇದೆ. ತನ್ನ ಜನರ ಚರಿತ್ರೆಯನ್ನು ತಾವೇ ಬರೆಯದಿದ್ದರೆ ಬಂದವರು ತಮಗೆ ತೋಚಿದಂತೆ ಬರೆಯುತ್ತಾರೆಂಬ ಆತಂಕದಿಂದ ವಯೇಹೊ ದೊಡ್ಡ ಹಸ್ತಪ್ರತಿಯೊಂದನ್ನು ಸಿದ್ಧಪಡಿಸಿದ್ದನು. 1867ರಲ್ಲಿ ಚೌಕದ ದೊಡ್ಡ ಮನೆಗೆ ಬೆಂಕಿ ಬಿದ್ದಾಗ ಅದು ಭಸ್ಮವಾಯಿತು. 1874ರಲ್ಲಿ ಚರಿತ್ರಕಾರ ಬ್ಯಾನ್‌ಕ್ರಾಫ್ಟನ ಕಡೆಯಿಂದ ಚೆರೂಟಿ ಎಂಬ ಇಟಾಲಿಯನ್ ಬಂದು, ಸ್ನೇಹ ಬೆಳೆಸಿ, ಪುಸಲಾಯಿಸಿ, ಮತ್ತೊಮ್ಮೆ ಬರೆಯುವಂತೆ ಒಪ್ಪಿಸಿದನು. ಅರುವತ್ತೇಳರ ಮುದುಕ ಲೇಖನಿ ಹಿಡಿದನು. ಮರುವರ್ಷ ಐದು ಸಂಪುಟಗಳು ಮುಗಿದವು. ಅವನ್ನೂ, ಜತನದಿಂದ ಕೂಡಿಟ್ಟಿದ್ದ ಸಾವಿರಾರು ಕಾಗದಪತ್ರಗಳನ್ನೂ ಬ್ಯಾನ್‌ಕ್ರಾಫ್ಟನ ಗ್ರಂಥಾಲಯಕ್ಕೆ ಒಪ್ಪಿಸಿದನು. ಭೂಮಿಯ ಪತ್ರಗಳು ಕೋರ್ಟಿನಲ್ಲಿ ಸೋತವು. ಈ ಪತ್ರಗಳು ಉಳಿದವು. ಹತ್ತೊಂಬತ್ತನೆಯ ಶತಮಾನದ ಕ್ಯಾಲಿಫೋರ್ನಿಯದ ಚರಿತ್ರೆಯನ್ನು ಬರೆಯುವವರು ಇಂದಿಗೂ ಅವನ್ನು ಬಿಡಿಸದೆ ಮುಂದೆ ಹೋಗಲಾರರು.

ಕೊನೆಯ ಮೂವತ್ತೆಂಟು ವರ್ಷಗಳನ್ನು ಅವನು ಕಳೆದದ್ದು ಸೊನೋಮದ ಅಂಚಿನಲ್ಲಿ, ಗುಡ್ಡದ ಬುಡದಲ್ಲಿ ಕಟ್ಟಿಸಿದ ಮರದ ಮನೆಯಲ್ಲಿ. ಪಕ್ಕದಲ್ಲೊಂದು ಬತ್ತದ ಚಿಲುಮೆ. ಅಳುವ ಗುಡ್ಡವೆಂದು ಆದಿನಿವಾಸಿಗಳು ಅದಕ್ಕಿಟ್ಟಿದ್ದ ಹೆಸರನ್ನು ಲ್ಯಾಟಿನ್ನಿಗೆ ತಿರುಗಿಸಿ ಲಾಕ್ರಿಮಾ ಮೊಂಟಿಸ್, ಎಂದರೆ ಬೆಟ್ಟದ ಕಣ್ಣೀರು, ಎಂದು ಮನೆಗೆ ಹೆಸರಿಟ್ಟನು. ಹಸಿಮಣ್ಣಿನ ಇಟ್ಟಿಗೆಯ ಸ್ಪ್ಯಾನಿಷ್ ಮನೆಯಲ್ಲ. ಅಂದಿನ ಅಮೆರಿಕನ್ನರ ರುಚಿಗೆ ತಕ್ಕಂತೆ ಕಡಿದಾದ ಮಾಡು, ಚೂಪುಕಮಾನಿನ ಕಿಟಕಿ, ಕೊರೆದ ಮರದ ಅಂಚುಗಳುಳ್ಳದ್ದು. ಹಣ್ಣಿನ ಮರಗಳನ್ನೂ ದ್ರಾಕ್ಷಿಯನ್ನೂ ಬೆಳೆಸಿದನು. ಚಿಲುಮೆಯ ನೀರನ್ನು ಕೊಳವೆಗಳಲ್ಲಿ ಹರಿಸಿ ಊರಿಗೆ ಮಾರಿದನು. ಒಂದು ಕಾಲದಲ್ಲಿ ಊರನ್ನೇ ಹಂಚಿಕೊಟ್ಟವನಿಗೆ ಅದೇ ಊರಿನಿಂದ ಬರುತ್ತಿದ್ದ ಆದಾಯ ಈ ನೀರಿನ ಹಣ. ಅತಿಥಿಗಳು ಬಂದರೆ ಆದರ ಮೊದಲಿನಂತೆಯೇ ಇತ್ತು. ಕಹಿಮಾತು ಅವನಿಂದ ಹೊರಡುವುದು ಅಪರೂಪವಾಗಿತ್ತು.

1890ರ ಜನವರಿ 18ರಂದು ವಯೇಹೊ ಅದೇ ಮನೆಯಲ್ಲಿ ತೀರಿಕೊಂಡನು. ಆಗ ಉಳಿದಿದ್ದ ಭೂಮಿ ಇನ್ನೂರಿಪ್ಪತ್ತೆಂಟು ಎಕರೆ. ರೊಸಾಲಿಯ ಹಿಂದಿನ ವರ್ಷವೇ ಕಣ್ಮುಚ್ಚಿದ್ದಳು. ಫ್ರಾನ್ಸಿಸ್ಕಾ ಬೆನೀಸಿಯ ಗಂಡನಿಲ್ಲದೆ ಒಂದು ವರ್ಷ ಬಾಳಿ 1891ರ ಜನವರಿಯಲ್ಲಿ ಅವನನ್ನು ಹಿಂಬಾಲಿಸಿದಳು. ಸೊನೋಮದ ಬೆಟ್ಟದ ಸ್ಮಶಾನದಲ್ಲಿ ಇಬ್ಬರ ಸಮಾಧಿಗಳಿವೆ. ಚಿಲುಮೆಯ ಪಕ್ಕದ ಮನೆ ಕಿರಿಯ ಮಕ್ಕಳಲ್ಲೊಬ್ಬಳಾದ ಲೂಯಿಸಾಳ ಕೈಯಲ್ಲಿ ಉಳಿಯಿತು. 1933ರಲ್ಲಿ ಕ್ಯಾಲಿಫೋರ್ನಿಯ ಸರ್ಕಾರ ಅದನ್ನು ಕೊಂಡು ಸ್ಮಾರಕವಾಗಿ ಮಾಡಿತು. ಆಮೇಲೂ ಲೂಯಿಸಾ ಅಲ್ಲಿಯೇ ಇದ್ದು, ನೋಡಲು ಬಂದವರಿಗೆ ತಂದೆಯ ಕೋಣೆಗಳನ್ನು ತೋರಿಸುತ್ತಿದ್ದಳು.